ಭಾಲ್ಕಿಯ ಕಂಟ್ರೋಲರ್ ಹಡಗು ಹಿಡಿದದ್ದು

ಜುಲೈ 6, ಭಾನುವಾರ. ಮೈಲೂರ, ಬೀದರ. ಬರವಣಿಗೆ ಆರಂಭ ಬೆಳಗ್ಗೆ 7.05

ಭಾಲ್ಕಿ ಬಸ್ ನಿಲ್ದಾಣದ ದಾಖಲೆ ಪುಸ್ತಕ ಬರೆದು ಬರೆದು ಪಳಗಿದ ಈ ಕೈಗೆ ಮೂರು ವರ್ಷದಿಂದ ಕೆಲಸವಿಲ್ಲ. ನಿವೃತ್ತಿಯ ದಿನ ಒಂದು ಶಾಲು, ಒಂದು ಹಾರ ಮತ್ತು ಏಕನಾಥ ಎಂದು ನನ್ನ ಹೆಸರು ಬರೆದ ಈ ಖಾಲಿ ಪುಸ್ತಕ ಕೊಟ್ಟಿದ್ದರು. ಹಾರ ಒಣಗಿತು, ಶಾಲನ್ನು ಇಲಿ ಕಡಿಯಿತು, ಪುಸ್ತಕ ಉಳಿಯಿತು. ದಾಖಲಿಸುವಂಥದ್ದು ಈ ಮನೆಯಲ್ಲಿ ಏನೂ ನಡೆಯದ್ದರಿಂದ ಬರೆದಿರಲಿಲ್ಲ. ಹಾಲು ಉಕ್ಕುವ ಹೊತ್ತಿಗೆ "ಒಲೆಯಿಂದ ಹೊರಡುವ ಹಾಲು ಇನ್ನೆರಡು ನಿಮಿಷದಲ್ಲಿ ಹೊರಡಲಿದೆ" ಎಂದು ನಾನೇ ಘೋಷಿಸುತ್ತೇನೆ, ನಾನೇ ಓಡಿ ಹೋಗಿ ಇಳಿಸುತ್ತೇನೆ. ಅದನ್ನು ದಾಖಲೆಗೆ ಏರಿಸಲಾಗುವುದಿಲ್ಲ.

ಇಂದು ಒಂದು ಘಟನೆ ನಡೆಯಿತು. ಡಬ್ಲಿನ್‌ನಿಂದ ತಂಗಿ ಮಾಯಾಳ ಸಂದೇಶ ಬಂತು. ಅಲ್ಲಿಯ ಆಸ್ಪತ್ರೆಯಲ್ಲಿ ಅವಳು ನರ್ಸು. ಒಂಬತ್ತು ವರ್ಷದಿಂದ ಅವಳಿಂದ ನನಗೆ ಬರುವುದು ವರ್ಷಕ್ಕೆರಡೇ ಸಂದೇಶ: ಬುದ್ಧಪೂರ್ಣಿಮೆಗೊಂದು, ಹೊಸ ವರ್ಷಕ್ಕೊಂದು, ಎರಡೂ ಹೂವಿನ ಚಿತ್ರ. ಈ ಸಲ ಹೂವಿಲ್ಲ.

"ದಾದಾ, ನಾ ರಿಟಾಯರ್ ಆದೆ. ಸೆಪ್ಟೆಂಬರ್ ಹದಿನಾಕಕ್ಕ ಗ್ರೀಸಿನಿಂದ ಹಡಗ ಹೊಂಡ್ತದ, ಏಳ ದಿನದ್ದು. ನಿನ್ನ ಹೆಸರೂ ಬರಸೀನಿ. ಬರೋದಿದ್ರ ಬಾ. ಹಡಗ ನಿಲ್ಲಂಗಿಲ್ಲ."

ಕೊನೆಯ ಎರಡು ಪದಗಳನ್ನು ಅವಳು ಯಾಕೆ ಬರೆದಳೆಂದು ನನಗೆ ಗೊತ್ತು. ದಾಖಲೆ ಪೂರ್ಣವಾಗಿರಲೆಂದು ಬರೆಯುತ್ತೇನೆ. ಒಂಬತ್ತು ವರ್ಷದ ಹಿಂದೆ, ಮೇ ತಿಂಗಳಲ್ಲಿ, ನಮ್ಮವ್ವ ಔರಾದದ ಆಸ್ಪತ್ರೆಯಲ್ಲಿದ್ದಳು, ಆಸೆ ಇಲ್ಲ ಅಂದಿದ್ದರು. ಮಾಯಾ ಡಬ್ಲಿನ್‌ನಿಂದ ಎರಡು ವಿಮಾನ ಬದಲಿಸಿ ಹೈದರಾಬಾದಿಗೆ ಬಂದು, ಅಲ್ಲಿಂದ ರೈಲು ಹಿಡಿದು ಭಾಲ್ಕಿಯಲ್ಲಿ ಇಳಿದಳು. ಔರಾದ ಬಸ್ಸನ್ನು ಹತ್ತು ನಿಮಿಷ ಹಿಡಿದು ನಿಲ್ಲಿಸೆಂದು, ಆ ನಿಲ್ದಾಣದ ಸಂಚಾರ ನಿಯಂತ್ರಕನಾಗಿದ್ದ ನನಗೆ ಫೋನ್ ಮಾಡಿದಳು. ಮೂವತ್ತೊಂದು ವರ್ಷದ ಸೇವೆಯಲ್ಲಿ ನಾನು ಯಾವ ಶಾಸಕನಿಗೂ, ಯಾವ ಮದುಮಗನಿಗೂ ಬಸ್ಸು ಹಿಡಿದವನಲ್ಲ. 4.10ರ ಬಸ್ಸು 4.10ಕ್ಕೆ ಹೊರಟಿತು. ಅವಳು ನಿಲ್ದಾಣ ತಲುಪಿದ್ದು ಆಮೇಲೆ. ಮದುವೆಗಳ ದಿನ, ಜೀಪುಗಳೆಲ್ಲ ದಿಬ್ಬಣಕ್ಕೆ ಹೋಗಿದ್ದವು. ಮುಂದಿನ ಬಸ್ಸು ಆರಕ್ಕೆ. ಅವ್ವ ಐದೂವರೆಗೆ ಹೋದಳು.

ಎರಡು ವಿಮಾನ ಸಿಕ್ಕವು, ಒಂದು ರೈಲು ಸಿಕ್ಕಿತು. ಸಿಗದೇ ಹೋದದ್ದು ಅಣ್ಣನ ಬಸ್ಸು. ಇದನ್ನು ಮಾಯಾ ಹೇಳಲಿಲ್ಲ. ಅವಳು ಏನೂ ಹೇಳಲಿಲ್ಲ.

ಬರುತ್ತೇನೆ ಎಂದು ಉತ್ತರ ಬರೆದೆ. ನಿವೃತ್ತನಾದ ವಾರವೇ ಮಾಡಿಸಿದ ಪಾಸ್‌ಪೋರ್ಟ್ ಟ್ರಂಕಿನಲ್ಲಿದೆ. ಯಾಕೆ ಮಾಡಿಸಿದಿ ಎಂದು ಆಗ ಯಾರೂ ಕೇಳಲಿಲ್ಲ. ಕೇಳುವವರು ಮನೆಯಲ್ಲಿರಬೇಕಲ್ಲ.

ಮುಕ್ತಾಯ 7.52.

ಜುಲೈ 20, ಭಾನುವಾರ. ಆರಂಭ ಬೆಳಗ್ಗೆ 11.30

ಪಕ್ಕದ ಮನೆಯ ಇಮಾಮಬೀ ಅವರ ಮಗ ಜುನೈದನಿಗೆ ಟಿಕೆಟ್ ಮಾಡಿಕೊಡುವ ಅಂಗಡಿ ಇದೆ. ಹೈದರಾಬಾದಿನಿಂದ ಬೆಳಗ್ಗೆ ಹತ್ತಕ್ಕೆ ಹೊರಟ ವಿಮಾನ ಹನ್ನೆರಡೂವರೆಗೆ ದುಬೈ. ಅಲ್ಲಿಂದ 1.40ಕ್ಕೆ ಇನ್ನೊಂದು ವಿಮಾನ, ಸಂಜೆ ಗ್ರೀಸ್. ಬಂದರಿನಲ್ಲಿ ಹಡಗಿನ ಬಾಗಿಲು ಏಳೂವರೆಗೆ ಮುಚ್ಚುತ್ತದೆ. ಜುನೈದ ತಲೆ ಕೆರೆದುಕೊಂಡ. ದುಬೈಯಲ್ಲಿ ಎಪ್ಪತ್ತು ನಿಮಿಷ ಬಹಳ ಕಡಿಮೆ, ಒಂದು ದಿನ ಮೊದಲೇ ಹೋಗಿ ಇರಿ ಅಂದ. ಮಾಯಾ ಕೂಡ ಅದನ್ನೇ ಬರೆದಿದ್ದಳು: ಅವಳೂ ಒಂದು ದಿನ ಮೊದಲೇ ಬರುವಳಂತೆ, ಇಬ್ಬರೂ ಊರು ನೋಡಬಹುದಂತೆ.

ಎಪ್ಪತ್ತು ನಿಮಿಷ! ಭಾಲ್ಕಿಯಲ್ಲಿ ಐದು ನಿಮಿಷದಲ್ಲಿ ಒಂದು ಬಸ್ಸಿನಿಂದ ಇಳಿದು, ಚಹಾ ಕುಡಿದು, ಜಗಳವಾಡಿ, ಇನ್ನೊಂದು ಬಸ್ಸು ಹತ್ತುವ ಜನರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ದಿನ ಮೊದಲೇ ಹೋಗಿ ಕಾಯುವುದು ನಿಯಂತ್ರಕನ ಹುದ್ದೆಗೆ ಅವಮಾನ ಎಂದು ಜುನೈದನಿಗೆ ತಿಳಿಹೇಳಿದೆ. ಅವನು ನಕ್ಕು ಬಟನ್ ಒತ್ತಿದ.

ಒಂದು ದಿನವಿಡೀ ಮಾಯಾ ಮತ್ತು ನಾನು ಇಬ್ಬರೇ ಊರು ನೋಡುತ್ತ ನಡೆಯಬೇಕಾಗುತ್ತಿತ್ತು. ಮಾತು ಎಲ್ಲಿಗೆ ಹೋಗುತ್ತಿತ್ತೋ. ಅದು ಬೇರೆ ವಿಷಯ.

ಆಗಸ್ಟ್ 10, ಭಾನುವಾರ. ಆರಂಭ ಮಧ್ಯಾಹ್ನ 3.15

ಎರಡನೆಯ ವಿಮಾನದಲ್ಲಿ ಐದು ತಾಸು ಕೂರಬೇಕಂತೆ. ಬಸ್ಸಿನಲ್ಲಿ, ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ನಿಂತೇ ಸೇವೆ ಸಲ್ಲಿಸಿದ ಕಾಲುಗಳಿಗೆ ಕೂರುವ ತರಬೇತಿ ಅಗತ್ಯ. ಆದ್ದರಿಂದ ಇಂದು ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ತಾಗಿಸಿ, ಮುಂದೆ ಟ್ರಂಕು ಇಟ್ಟು ಮೊಣಕಾಲಿಗೆ ಜಾಗವಿಲ್ಲದಂತೆ ಮಾಡಿ, ಹತ್ತು ಗಂಟೆಗೆ ಕುಳಿತೆ. ಸೊಂಟಕ್ಕೆ ಧೋತರದ ಪಟ್ಟಿ ಕಟ್ಟಿಕೊಂಡೆ.

ಹನ್ನೊಂದಕ್ಕೆ ಇಮಾಮಬೀ ಕಿಟಕಿಯಿಂದ ಇಣುಕಿದರು. ಗಾಬರಿಯಾಗಿ ಒಳಗೇ ಬಂದರು.

"ಭಾಯಿ, ಯಾರ ಕಟ್ಟಿ ಹಾಕ್ಯಾರರಿ ನಿಮಗ?"

ವಿಮಾನದಲ್ಲಿದ್ದೇನೆ, ಸಮುದ್ರದ ಮೇಲಿದ್ದೇನೆ, ಈಗ ಏಳುವಂತಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ತಟ್ಟೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಟ್ರಂಕಿನ ಮೇಲಿಟ್ಟು, ವಿಮಾನದಾಗ ಊಟ ಕೊಡ್ತಾರಂತ ಜುನೈದ ಹೇಳ್ತಾನ, ಉಣ್ಣರಿ ಅಂದು ಹೋದರು.

ಐದು ತಾಸು ಪೂರ್ಣವಾಯಿತು. ಇಡೀ ವಾರದಲ್ಲಿ ಮನೆಯೊಳಗೆ ಇನ್ನೊಬ್ಬರ ಧ್ವನಿ ಕೇಳಿದ್ದು ಇಂದೇ. ತರಬೇತಿಯನ್ನು ಬುಧವಾರ ಪುನರಾವರ್ತಿಸಲಾಗುವುದು.

ಆಗಸ್ಟ್ 21, ಗುರುವಾರ. ಆರಂಭ ಸಂಜೆ 5.40

ಇಂದು ವಾಹನ ಬದಲಿಸುವ ಪೂರ್ವಾಭ್ಯಾಸ. ಯೋಜನೆ: ಬೀದರ 7.30, ಭಾಲ್ಕಿ 8.35, ಅಲ್ಲಿಂದ ಔರಾದ ಬಸ್ಸು 8.45ಕ್ಕೆ. ಭಾಲ್ಕಿಯೇ ದುಬೈ, ಔರಾದವೇ ಗ್ರೀಸ್.

ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಬೀದರ ಬಸ್ಸು ಭಾಲ್ಕಿ ನಿಲ್ದಾಣದೊಳಗೆ ತಿರುಗುವಾಗ ಔರಾದ ಬಸ್ಸಿನ ಹಿಂಭಾಗ ಹೊರಗೆ ತಿರುಗುತ್ತಿತ್ತು. ನನ್ನ ಕ್ಯಾಬಿನ್ನಿನಲ್ಲಿ ಈಗ ಒಬ್ಬ ಹೆಣ್ಣುಮಗಳಿದ್ದಾಳೆ. ಒಬ್ಬ ಮುದುಕ ಕಿಟಕಿಯ ಕಬ್ಬಿಣದ ಜಾಲಿಗೆ ಕೈ ಹಾಕಿ, ಒಂದೆರಡ ನಿಮಿಷ ಹಿಡಿಲಿಕ್ಕ ಏನಾಗಿತ್ತವ್ವ ಎನ್ನುತ್ತಿದ್ದ. ಅವಳು ಪುಸ್ತಕದಿಂದ ತಲೆಯೆತ್ತದೆ ಟೈಮ್ ಅಂದ್ರ ಟೈಮ್ ಅಂದಳು. ನನ್ನ ಎದೆ ಉಬ್ಬಿತು. ಸ್ವಲ್ಪ ಹೊತ್ತು ಉಬ್ಬಿಯೇ ಇತ್ತು.

ಮುಂದಿನ ಬಸ್ಸು ಹತ್ತೂವರೆಗೆ. ಕಲ್ಲು ಬೆಂಚಿನ ಮೇಲೆ ಕುಳಿತೆ. ಮೂವತ್ತೊಂದು ವರ್ಷದಲ್ಲಿ ಆ ಬೆಂಚಿನ ಮೇಲೆ ಒಮ್ಮೆಯೂ ಕುಳಿತವನಲ್ಲ. ಕಲ್ಲು ಬಹಳ ಬಿರುಸು, ಬೆನ್ನಿಗೆ ಆಸರೆಯಿಲ್ಲ, ಎದುರಿಗೆ ನೇರವಾಗಿ ಕ್ಯಾಬಿನ್ನು ಕಾಣುತ್ತದೆ. ಒಳಗಿನವರು ತಲೆ ತಗ್ಗಿಸಿ ಬರೆಯುತ್ತಿರುವುದು ಕಾಣುತ್ತದೆ.

ಮಾಯಾ ಅಂದು ಇದೇ ಬೆಂಚಿನ ಮೇಲೆ ಆರರವರೆಗೆ ಕುಳಿತಿದ್ದಳು. ನಾನು ಒಳಗಿನಿಂದ ಹೊರಗೆ ಬರಲಿಲ್ಲ. ಕ್ಯಾಂಟೀನಿಗೆ ಹೇಳಿ ಚಹಾ ಕಳಿಸಿದೆ. ಅವಳು ಕುಡಿಯಲಿಲ್ಲ, ಪಕ್ಕದಲ್ಲಿಟ್ಟಳು. ಚಹಾದ ಮೇಲೆ ಕೆನೆ ಕಟ್ಟಿ ನೊಣ ಕೂತಿತು.

ಹತ್ತೂವರೆಯ ಬಸ್ಸಿನ ಡ್ರೈವರಿನ ಹೆಸರು ಉತ್ತಮ. ಅಂದಿನ 4.10ರ ಬಸ್ಸು ಓಡಿಸಿದವನೂ ಅವನೇ, ಈಗ ನಿವೃತ್ತಿಗೆ ಒಂದು ವರ್ಷ ಬಾಕಿ. ನನ್ನನ್ನು ಮುಂದಿನ ಸೀಟಿಗೆ ಕರೆದು ಕೂರಿಸಿಕೊಂಡ. ಹಡಗಿನ ವಿಷಯ ಕೇಳಿ ಖುಷಿಪಟ್ಟ. ಹಡಗ ಕಾರಂಜಾ ಡ್ಯಾಮಿನಷ್ಟ ದೊಡ್ಡದಿರ್ತದೇನ್ರಿ ಎಂದು ವಿಚಾರಿಸಿದ. ಮಾಯಾಳ ಹೆಸರು ಬಂದ ಮೇಲೆ ಊರು ಬರುವವರೆಗೂ ರಸ್ತೆಯನ್ನೇ ನೋಡುತ್ತ ಓಡಿಸಿದ. ಔರಾದದಲ್ಲಿ ಇಂಜಿನ್ ಆರಿಸಿ ಸ್ಟೇರಿಂಗ್ ನೋಡುತ್ತ ಹೇಳಿದ:

"ಸಾಹೇಬ್ರ, ಅವತ್ತ ನಾನೂ ಕನ್ನಡಿಯಾಗ ನೋಡಿದ್ದೆರಿ. ನಿಮ್ಮ ಎರಡ ಸೀಟಿ ಬಿತ್ತು, ಗೇರ ಹಾಕ್ದೆ. ಇನ್ನೂ ಕಾಡ್ತದರಿ."

ಏನು ನೋಡಿದೆ ಎಂದು ನಾನು ಕೇಳಲಿಲ್ಲ. ಹೊತ್ತಾಯಿತು ಎಂದು ಇಳಿದೆ. ಹೊತ್ತಾಗಿರಲಿಲ್ಲ.

ಪೂರ್ವಾಭ್ಯಾಸದ ಫಲಿತಾಂಶ: ವಿಫಲ.

ಸೆಪ್ಟೆಂಬರ್ 3, ಬುಧವಾರ. 8.20

ವೀಸಾ ಬಂತು. ಯಾರಿಗೆ ಹೇಳಲಿ ಎಂದು ಯೋಚಿಸಿ ಇಮಾಮಬೀ ಅವರಿಗೆ ಹೇಳಿದೆ. ಅವರು ಊರಿಗೆಲ್ಲ ಹೇಳಿದರು.

ಸೆಪ್ಟೆಂಬರ್ 13, ಶನಿವಾರ. ಆರಂಭ ಬೆಳಗ್ಗೆ 9.00

ಇನ್ನೊಂದು ತಾಸಿನಲ್ಲಿ ಹೈದರಾಬಾದ ಬಸ್ಸು. ಕೈಚೀಲ ಒಂದೇ. ಒಳಗೆ ಎರಡು ಜೊತೆ ಬಟ್ಟೆ, ಕಟಕ ರೊಟ್ಟಿ, ಶೇಂಗಾ ಹಿಂಡಿ, ಈ ಪುಸ್ತಕ. ಅಂಗಿಯ ಜೇಬಿನಲ್ಲಿ ಸೀಟಿ. ಕಂಡಕ್ಟರಾಗಿ ಸೇರಿದ ದಿನ ಕೊಟ್ಟ ಹಿತ್ತಾಳೆಯ ಸೀಟಿ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ನಿಯಂತ್ರಕನಾದ ಮೇಲೆ ನನಗೆ ಎರಡರದ್ದೇ ಅಭ್ಯಾಸ.

ವಿಮಾನ ಇಳಿದ ಕೂಡಲೇ ಗಡಿಯಾರದ ಮುಳ್ಳು ತಿರುಗಿಸಿಕೊಳ್ಳಿ ಎಂದು ಜುನೈದ ಹೇಳಿದ. ಆಗಲಿ ಅಂದೆ. ಆದರೆ ಈ ಕೈಗಡಿಯಾರವನ್ನು ರೇಡಿಯೋ ಗಂಟೆ ಹೇಳುವ ಟೊಂಯ್ ಶಬ್ದಕ್ಕೆ ಹೊರತು ಬೇರೆ ಯಾವುದಕ್ಕೂ ತಿರುಗಿಸಿದವನಲ್ಲ ನಾನು.

ಮಾಯಾಗೆ ಹೇಳಬೇಕಾದದ್ದು ಒಂದಿದೆ. ಹಡಗಿನಲ್ಲಿ ಹೇಳುತ್ತೇನೆ. ಇಲ್ಲಿ ಬರೆದು ಪುಟ ಕೆಡಿಸುವುದಿಲ್ಲ.

ಇಮಾಮಬೀ ಬಾಗಿಲಲ್ಲಿ ನಿಂತಿದ್ದಾರೆ. ಕೀಲಿ ಅವರ ಕೈಗೆ.

ಸೆಪ್ಟೆಂಬರ್ 14, ಭಾನುವಾರ. ದುಬೈ ವಿಮಾನ ನಿಲ್ದಾಣ. 2.25

ತಪ್ಪಿತು.

ಹನ್ನೆರಡೂವರೆಗೆ ಇಳಿಯಬೇಕಿದ್ದ ವಿಮಾನ ಎರಡಕ್ಕೆ ಇಳಿಯಿತು. ತೊಂಬತ್ತು ನಿಮಿಷ ತಡ. ಒಬ್ಬರೂ ಕಾರಣ ಹೇಳಲಿಲ್ಲ, ಒಬ್ಬರೂ ಕ್ಷಮೆ ಕೇಳಲಿಲ್ಲ, ಪ್ರಯಾಣಿಕರು ಗಲಾಟೆಯನ್ನೂ ಮಾಡಲಿಲ್ಲ. 1.40ರ ವಿಮಾನ ಹೋಗಿ ಮುಕ್ಕಾಲು ತಾಸಾಯಿತು. ಇಲ್ಲಿನ ಗೋಡೆ ಗಡಿಯಾರಗಳು ಏನೇನೋ ತೋರಿಸುತ್ತಿವೆ. ಭಾಲ್ಕಿ ನಿಲ್ದಾಣದ ಗೋಡೆ ಗಡಿಯಾರ ಹನ್ನೊಂದು ವರ್ಷ ಒಂಬತ್ತೂಕಾಲಿಗೇ ನಿಂತಿತ್ತು, ಅಂದಿನಿಂದ ನಾನು ಗೋಡೆಯ ಗಡಿಯಾರವನ್ನು ನಂಬಿದವನಲ್ಲ. ಓಡುವವರು ಓಡುತ್ತಿದ್ದಾರೆ. ನಾನು ಓಡಲಿಲ್ಲ. ಹೋದ ಬಸ್ಸಿನ ಹಿಂದೆ ಓಡುವವರನ್ನು ಕಂಡು ನಕ್ಕವನು ನಾನು. ಯಾರನ್ನೂ ಕೇಳಲೂ ಇಲ್ಲ. ಕೇಳಿದವರಿಗೆ ನಾನೇ ಏನು ಹೇಳುತ್ತಿದ್ದೆನೆಂದು ನೆನಪಿದೆ. ಒಂದು ಕಂಬದ ಪಕ್ಕ ಖಾಲಿ ಕುರ್ಚಿ ಸಿಕ್ಕಿತು, ಕುಳಿತಿದ್ದೇನೆ. ಫೋನು ಇಲ್ಲಿ ಮಾತಾಡುವುದಿಲ್ಲ. ಮಾಯಾ ಹಡಗಿನ ಬಳಿ ಏಳೂವರೆಯವರೆಗೆ ನೋಡುತ್ತಾಳೆ. ಆಮೇಲೆ ಹಡಗು ಹೋಗುತ್ತದೆ. ಅವಳು ಮತ್ತೆ ಕರೆಯುವುದಿಲ್ಲ. ಒಂಬತ್ತು ವರ್ಷಕ್ಕೊಮ್ಮೆ ಬಂದ ಬಸ್ಸು ಇದು.

ಹೇಳುವುದು ಇನ್ನಿಲ್ಲವಾದ್ದರಿಂದ ಬರೆಯುತ್ತೇನೆ.

ಜುಲೈ 6ರ ಪುಟದಲ್ಲಿ "ಅವಳು ನಿಲ್ದಾಣ ತಲುಪಿದ್ದು ಆಮೇಲೆ" ಎಂದು ದಾಖಲಿಸಿದ್ದೇನೆ. ಸುಳ್ಳು ದಾಖಲೆ. ಅವಳು 4.10ಕ್ಕೆ ನಿಲ್ದಾಣದ ಗೇಟಿನೊಳಗಿದ್ದಳು. ನೀಲಿ ಸೂಟ್‌ಕೇಸು ಎಳೆದುಕೊಂಡು ಓಡಿ ಬರುತ್ತಿದ್ದಳು, ಅದರ ಒಂದು ಗಾಲಿ ಮುರಿದಿತ್ತು. ಕೈ ಎತ್ತಿದಳು. ದಾದಾ ಅಂದಳು. ಹೆಚ್ಚೆಂದರೆ ನಲವತ್ತು ಹೆಜ್ಜೆ. ನಾನು ಅವಳನ್ನು ನೋಡಿದೆ. ನೋಡಿ ಎರಡು ಸೀಟಿ ಊದಿದೆ.

ಯಾಕೆ? ಬೆಳಗ್ಗೆ ಕೂಸು ಹೊತ್ತ ಹೆಂಗಸೊಬ್ಬಳಿಗೆ ಬಸ್ಸು ಹಿಡಿದಿರಲಿಲ್ಲ, ಅವಳು ಇನ್ನೂ ಅಲ್ಲೇ ಕುಳಿತಿದ್ದಳು. ಬಸ್ಸಿನಲ್ಲಿದ್ದ ಜನರಿಗೆ ಮಾಯಾ ಯಾರೆಂದು ಗೊತ್ತಿತ್ತು. ಊರ ಹೊರಗಿನ ನಮ್ಮ ಓಣಿಯಿಂದ ಆ ಕುರ್ಚಿಯಲ್ಲಿ ಕುಳಿತ ಮೊದಲನೆಯವನು ನಾನು. ಒಂದು ನಿಮಿಷ ಹೆಚ್ಚುಕಡಿಮೆಯಾದರೆ ಏಕನಾಥ ತಪ್ಪಿದ ಅನ್ನುವುದಿಲ್ಲ, ಇವರೆಲ್ಲ ಹೀಗೇ ಅನ್ನುತ್ತಾರೆ. ಹಾಗೆಂದು ಆಗ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಅರ್ಧ ನಿಜ. ಉಳಿದರ್ಧ, ಜನ ನನ್ನನ್ನು ನೋಡುತ್ತಿದ್ದರು, ಮತ್ತು ನೋಡುತ್ತಿರುವುದು ನನಗೆ ಚೆನ್ನಾಗಿತ್ತು.

ಯಾರೋ ನನ್ನ ಹೆಸರು ಕೂಗುತ್ತಿದ್ದಾರೆ

ಅದೇ ದಿನ. ವಿಮಾನದಲ್ಲಿ

ಸಮವಸ್ತ್ರದ ಒಬ್ಬ ಯುವತಿ, ಕೈಯಲ್ಲಿ ಚೀಟಿ, ಏದುಸಿರು. ಏಕನಾಥ ನೀವೇನಾ ಎಂದು ಹಿಂದಿಯಲ್ಲಿ ಕೇಳಿದಳು. ಹೌದೆಂದೆ. ಅರ್ಧ ತಾಸಿನಿಂದ ಹೆಸರು ಕೂಗುತ್ತಿದ್ದೇವೆ, ವಿಮಾನ ನಿಮಗಾಗಿ ನಿಂತಿದೆ, ಏಳಿ ಅಂದಳು. ಅದು ಹೋಗಿ ಒಂದೂವರೆ ತಾಸಾಯಿತಮ್ಮಾ ಎಂದು ನನ್ನ ಕೈಗಡಿಯಾರ ತೋರಿಸಿದೆ. ಅವಳು ನನ್ನ ಮಣಿಕಟ್ಟು ಹಿಡಿದು ಗೋಡೆಯತ್ತ ತಿರುಗಿಸಿದಳು. ಒಂದು ಗಂಟೆ ನಲವತ್ತೊಂದು ನಿಮಿಷ.

ವಿಮಾನ ತಡವಾಗಿರಲಿಲ್ಲ. ನನ್ನ ಕೈಯಲ್ಲಿ ಭಾಲ್ಕಿ ಸಮಯವಿತ್ತು. ಕಾಲಮಾನದ ವ್ಯತ್ಯಾಸ ನನಗೆ ತಿಳಿಯದ್ದಲ್ಲ. ಡಬ್ಲಿನ್‌ನಲ್ಲಿ ಎಷ್ಟಾಯಿತೆಂದು ನಾಲ್ಕೂವರೆ ತಾಸು ಕಳೆದು ನೋಡುವುದು ನನ್ನ ದಿನದ ಅಭ್ಯಾಸ, ಫೋನ್ ಮಾಡದಿದ್ದರೂ. ಜುನೈದ ಹೇಳಿಯೂ ಇದ್ದ.

ಓಡಿದೆ. ಅರವತ್ಮೂರು ವರ್ಷದ ನಿವೃತ್ತ ಸಂಚಾರ ನಿಯಂತ್ರಕ, ಚೀಲದಲ್ಲಿ ಕಟಕ ರೊಟ್ಟಿ ಪುಡಿಯಾಗುತ್ತಿದ್ದರೂ ಹಿಂದೆಮುಂದೆ ನೋಡದೆ ಓಡಿದೆ. ಬಾಗಿಲಲ್ಲಿ ಇನ್ನೊಬ್ಬಳು ಕೈ ಅಡ್ಡ ಹಿಡಿದು ಅದನ್ನು ಮುಚ್ಚಲು ಬಿಡದೆ ನಿಂತಿದ್ದಳು. ಒಳಗೆ ಮುನ್ನೂರು ಜನ ನನ್ನನ್ನು ನೋಡಿದರು.

ಏಳು ನಿಮಿಷ ತಡವಾಗಿ ಹೊರಟಿತು. ಆ ಯುವತಿ ತನ್ನ ಪುಸ್ತಕದಲ್ಲಿ ಏನು ಕಾರಣ ಬರೆದಳೋ. ಅವಳ ಹೆಸರು ಕೇಳುವುದು ಮರೆತುಹೋಯಿತು. ನಾನು ಅವಳಿಗೆ ಯಾರೂ ಅಲ್ಲ.

ಐದು ತಾಸು ಕೂರುವ ತರಬೇತಿ ಏನೇನೂ ಉಪಯೋಗಕ್ಕೆ ಬರಲಿಲ್ಲ.

ಸೆಪ್ಟೆಂಬರ್ 15, ಸೋಮವಾರ. ಹಡಗು. ಬೆಳಗ್ಗೆ

ನಿನ್ನೆ ಟ್ಯಾಕ್ಸಿ ಬಂದರು ಮುಟ್ಟಿದಾಗ ಏಳೂ ಹತ್ತು, ಇಲ್ಲಿಯ ಸಮಯ. ಕಾರಂಜಾ ಡ್ಯಾಮಿನ ಗೋಡೆಯನ್ನು ಎಬ್ಬಿಸಿ ನಿಲ್ಲಿಸಿ ಕಿಟಕಿ ಕೊರೆದಂತಿದೆ ಹಡಗು. ಉತ್ತಮನಿಗೆ ತಿಳಿಸಬೇಕು.

ಮಾಯಾ ಹಡಗಿನ ಒಳಗಿರಲಿಲ್ಲ. ಏಣಿಯ ಕೆಳಗೆ, ನೆಲದ ಮೇಲೆ ನಿಂತಿದ್ದಳು. ಹಡಗಿನವನೊಬ್ಬ ಗಡಿಯಾರ ತೋರಿಸಿ ಹತ್ತಿ ಹತ್ತಿ ಅನ್ನುತ್ತಿದ್ದ, ಅವಳು ತಲೆ ಅಲ್ಲಾಡಿಸುತ್ತಿದ್ದಳು. ಪ್ರಯಾಣಿಕರು ವಾಹನದ ಹೊರಗೆ ಕಾಲಹರಣ ಮಾಡುವುದು ನಿಯಮಬಾಹಿರ. ಮಾಯಾಳ ಕೂದಲು ಪೂರ್ತಿ ಬೆಳ್ಳಗಾಗಿದೆ, ಮುಖ ಅವ್ವನದೇ. ನನ್ನ ಕೈಚೀಲ ತಗೊಂಡಳು. "ಊಟ ಆಗ್ಯದೇನ?" ಅಂದಳು. ಅಷ್ಟೇ.

ರಾತ್ರಿ ಊಟಕ್ಕೆ ಎದುರುಬದುರು ಕುಳಿತೆವು. ಇಮಾಮಬೀ ಅವರ ವಿಷಯ, ಪುಡಿಯಾದ ರೊಟ್ಟಿಯ ವಿಷಯ, ಕುರ್ಚಿ ತರಬೇತಿಯ ವಿಷಯ ಹೇಳಿದೆ. ನಕ್ಕಳು. ಹೇಳಬೇಕಾದದ್ದನ್ನು ಹೇಳಲು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಉಪ್ಪು ಕೇಳಿದೆ.

ಸೆಪ್ಟೆಂಬರ್ 16, ಮಂಗಳವಾರ

ಇಂದು ಒಂದು ದ್ವೀಪದಲ್ಲಿ ಇಳಿಸಿದ್ದರು. ಸಂಜೆ ಎಲ್ಲರೂ ಹಿಂದಿರುಗಿದ ಮೇಲೆ ಏಣಿ ಎಳೆದುಕೊಂಡು ಹಡಗು ದಂಡೆ ಬಿಟ್ಟಿತು. ಮಾಯಾ ಮತ್ತು ನಾನು ಮೇಲೆ ಕಟಕಟೆ ಹಿಡಿದು ನಿಂತಿದ್ದೆವು.

ಆಗ ಅಂಗಡಿಗಳ ಕಡೆಯಿಂದ ಒಬ್ಬ ಹೆಂಗಸು ಓಡಿ ಬಂದಳು. ನಮ್ಮ ಹಡಗಿನವಳೇ, ಕೊರಳಲ್ಲಿ ನಮ್ಮಂಥದೇ ಹಸಿರು ಪಟ್ಟಿ. ಎರಡು ಕೈಯಲ್ಲೂ ಚೀಲ. ಮೇಲಿದ್ದ ಜನ ಹೋ ಎಂದು ನಕ್ಕರು, ಚಪ್ಪಾಳೆ ತಟ್ಟಿದರು, ಫೋನು ಎತ್ತಿ ಚಿತ್ರ ತೆಗೆದರು. ಅವಳು ಒಂದು ಚೀಲ ಬಿಸಾಕಿ ಕೈ ಎತ್ತಿದಳು.

ಮಾಯಾ ನಗುತ್ತಿರಲಿಲ್ಲ. ಕಟಕಟೆ ಹಿಡಿದ ಅವಳ ಬೆರಳು ಬೆಳ್ಳಗಾಗಿದ್ದವು.

ನಾನು ಜೇಬಿನಿಂದ ಸೀಟಿ ತೆಗೆದು ಊದಿದೆ. ಒಂದೇ. ಉದ್ದಕ್ಕೆ, ಉಸಿರು ಮುಗಿಯುವವರೆಗೆ.

ಎಲ್ಲರೂ ತಿರುಗಿ ನೋಡಿದರು. ನೋಡಲಿ. ಹಡಗು ನಿಲ್ಲಲಿಲ್ಲ. ಹದಿಮೂರು ಅಂತಸ್ತಿನ ಹಡಗು ಭಾಲ್ಕಿಯ ಸೀಟಿಗೆ ನಿಲ್ಲುವ ನಿಯಮ ಎಲ್ಲೂ ಇಲ್ಲ. ಕೆಳಗೆ ಆ ಹೆಂಗಸು ಉಳಿದ ಚೀಲವನ್ನೂ ಕೆಳಗಿಟ್ಟು ಒಂದು ಕಲ್ಲಿನ ಮೇಲೆ ಕುಳಿತಳು. ಬಂದರಿನವನೊಬ್ಬ ಅವಳತ್ತ ಹೋಗುವುದು ಕಂಡಿತು. ಸಣ್ಣಗಾಗುತ್ತ ಹೋದಳು.

ದಂಡೆಯಿಂದ ಕಣ್ಣು ತೆಗೆಯದೆ ಮಾಯಾ ಅಂದಳು, "ಅಕಿಗಿ ಈಗ ಚಾ ಯಾರ ಕಳಸ್ತಾರ, ದಾದಾ?"

ನಾನು ಹೇಳಿದೆ. "ನಾ ನೋಡಿದ್ದೆ, ಮಾಯಾ. ನೀ ಗೇಟಿನಾಗ ಓಡಿ ಬರೋದ ನೋಡೇ ಸೀಟಿ ಹೊಡದೆ."

"ಗೊತ್ತದ."

"ಗೊತ್ತದ?"

"ನೀ ನನ್ನ ನೋಡೋ ಹೊತ್ತಿಗಿ ನಾ ನಿನ್ನ ನೋಡ್ಲಿಲ್ಲೇನ? ಒಂಬತ್ತ ವರ್ಷ ಆತು. ಒಂದಿನ ಹೇಳ್ತಿ, ಹೇಳ್ತಿ ಅಂತ ಕಾದೆ." ಸಮುದ್ರ ನೋಡುತ್ತಲೇ ಹೇಳಿದಳು. "ಅವತ್ತಿನ ಬಸ್ಸಿಗಿಂತ ಅದ ಹೆಚ್ಚಾತು ನನಗ. ನೀ ಕ್ಯಾಬಿನ್ ಬಿಟ್ಟ ಹೊರಗ ಬರಲಿಲ್ಲ."

ತಪ್ಪಾತು ಅಂದೆ. ಅವಳು ಕಟಕಟೆ ಬಿಟ್ಟು ಹೋಗಲಿಲ್ಲ. ಚಹಾ ತರುತ್ತೇನೆಂದು ಹೋದೆ. ಆರನೆಯ ಅಂತಸ್ತಿನಲ್ಲಿ ಚಹಾದ ಯಂತ್ರವಿದೆ, ಮುಂದೆ ಜನ, ಯಾವ ಗುಂಡಿ ಒತ್ತಬೇಕೆಂದು ತಿಳಿಯದು. ಮೇಲೆ ಬರುವಾಗ ದಾರಿ ತಪ್ಪಿ ಈಜುಕೊಳ ಸುತ್ತಿ ಬಂದೆ. ಅವಳು ಅಲ್ಲೇ ಇದ್ದಳು. ಲೋಟ ಕೈಗೆ ಕೊಟ್ಟೆ, ಪಕ್ಕದಲ್ಲಿ ನಿಂತೆ.

ಮುಟ್ಟಿ ನೋಡಿ, "ಆರಿ ಹೋಗ್ಯದ" ಅಂದಳು.

ಮತ್ತೆ ತರುತ್ತೇನೆಂದು ಕೈ ಚಾಚಿದೆ. ಕೊಡಲಿಲ್ಲ. ಮೇಲೆ ಕಟ್ಟಿದ್ದ ಕೆನೆಯನ್ನು ಬೆರಳಿನಿಂದ ಸರಿಸಿ, ಪೂರ್ತಿ ಕುಡಿದಳು.

ಸಮಯ ದಾಖಲಿಸಿಲ್ಲ.